ಹರಿಹರದ ಟಾವೆಲ್

ಪುಣೆಯ ವಾಕಡ್‌ನ ಒಂದು ಫ್ಲ್ಯಾಟಿನಲ್ಲಿ, ಸ್ನಾನ ಮಾಡಿಸಿ ಅವ್ವನ ಕಾಲು ಒರೆಸುತ್ತಿದ್ದಾಗ ಮಗಳ ಕೈಯಲ್ಲಿದ್ದ ಟಾವೆಲ್ಲಿಗೆ ರಕ್ತ ಹತ್ತಿತು. ದೊಡ್ಡ ಗಾಯವೇನಲ್ಲ. ಮೊಣಕಾಲಿನ ಕೆಳಗೆ ಕಾಗದದಷ್ಟು ತೆಳ್ಳಗಾಗಿದ್ದ ಚರ್ಮ ಉಗುರಿನಷ್ಟಗಲ ಸುಲಿದಿತ್ತು. ಅವ್ವನಿಗೆ ಎಪ್ಪತ್ತಾರು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ, ರಾಣೆಬೆನ್ನೂರಿನ ಮನೆಗೆ ಬೀಗ ಹಾಕಿ ಮಗಳ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು.

"ಏನಾಗಂಗಿಲ್ಲ ಬಿಡು, ಒಂದೀಟು ಅರಿಶಿಣ ಹಚ್ಚು" ಅಂದಳು ಅವ್ವ. ಮಗಳು ಟಾವೆಲ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು.

ಟಾವೆಲ್ ಸೊಲ್ಲಾಪುರದ್ದು. ಆರು ವರ್ಷದ ಹಿಂದೆ ತಂದಾಗ ಮೆತ್ತಗೇ ಇತ್ತು. ಆಮೇಲೆ ಸೊಸೈಟಿಗೆ ಟ್ಯಾಂಕರ್ ನೀರು ಬರತೊಡಗಿತು. ಆ ಗಡಸು ನೀರಿನಲ್ಲಿ ತೊಳೆದು ಬಾಲ್ಕನಿಯಲ್ಲಿ ಒಣಹಾಕಿದರೆ ಸಂಜೆಯ ಹೊತ್ತಿಗೆ ಟಾವೆಲ್ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತಿತ್ತು. ಗಟ್ಟಿ ಮೈಯವರಿಗೆ ಅದು ಗೊತ್ತೇ ಆಗಿರಲಿಲ್ಲ.

ಅವತ್ತು ರಾತ್ರಿ ಮಗಳು ಫೋನಿನಲ್ಲಿ ಮೆತ್ತನೆಯ ಟಾವೆಲ್ ಹುಡುಕಿದಳು. ಕಂಡದ್ದೆಲ್ಲ ಬಿದಿರಿನದು. ಹಸಿರು ಎಲೆಯ ಚಿತ್ರ, ಪಕ್ಕದಲ್ಲಿ ಮಲಗಿದ ಕೂಸು. ಪರಿಸರಸ್ನೇಹಿ, ರಾಸಾಯನಿಕ ಇಲ್ಲ, ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ಎಂದೆಲ್ಲ ಬರೆದಿತ್ತು. ಮೂರಕ್ಕೆ ಎರಡು ಸಾವಿರದ ಹತ್ತಿರ. ಸೊಲ್ಲಾಪುರದವು ಆ ದುಡ್ಡಿಗೆ ಆರೋ ಏಳೋ ಬರುತ್ತಿದ್ದವು. ಆದರೂ ತರಿಸಿದಳು. ಅವ್ವನಿಗೂ ಒಳ್ಳೆಯದು, ಭೂಮಿಗೂ ಒಳ್ಳೆಯದು ಅನ್ನುವ ಸಮಾಧಾನಕ್ಕೆ ಅಷ್ಟು ಕೊಡಬಹುದು ಅನ್ನಿಸಿತು.

ಪಾರ್ಸೆಲ್ ಬಿಚ್ಚಿದಾಗ ಅವ್ವ ಕೇಳಿದಳು.

"ಬಿದಿರಿಂದು ಅಂತೀ. ಸಿಬರು ಚುಚ್ಚಂಗಿಲ್ಲೇನು?"

"ಮುಟ್ಟಿ ನೋಡಬೇ."

ಅವ್ವ ಕೆನ್ನೆಗೆ ಒತ್ತಿಕೊಂಡಳು. "ಬೆಣ್ಣಿ ಇದ್ದಂಗ ಐತಿ. ಇದು ಹೆಂಗ ಬಿದಿರು ಆದೀತು?"

ಅವ್ವನಿಗೆ ಬಿದಿರು ಅಂದರೆ ಮೇದಾರರ ಕೈಯಲ್ಲಿ ಸೀಳಾಗಿ ಬುಟ್ಟಿಯಾಗುವುದು, ಮೊರವಾಗುವುದು, ತೊಟ್ಟಿಲಾಗುವುದು, ಕೊನೆಗೆ ಚಟ್ಟವಾಗುವುದು. ಏನೇ ಆದರೂ ಅದು ಬಿದಿರು ಅಂತ ಗೊತ್ತಾಗುತ್ತದೆ. ಗೆಣ್ಣು ಕಾಣುತ್ತದೆ, ಕೈಗೆ ಹತ್ತುತ್ತದೆ. ಈ ಟಾವೆಲ್ಲಿನಲ್ಲಿ ಅಂಥದ್ದೇನೂ ಇರಲಿಲ್ಲ.

ಉತ್ತರ ಟಾವೆಲ್ಲಿನ ಅಂಚಿನಲ್ಲೇ ಹೊಲಿದಿತ್ತು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬಿದಿರು ಎಂದಿದ್ದರೆ, ಒಳಗಿನ ಪುಟ್ಟ ಪಟ್ಟಿಯ ಮೇಲೆ ಶೇಕಡ 70 ವಿಸ್ಕೋಸ್, 30 ಹತ್ತಿ ಎಂದಿತ್ತು. ಬಿದಿರಿನ ಹೆಸರೇ ಇರಲಿಲ್ಲ. ಎರಡರಲ್ಲಿ ಯಾವುದು ನಿಜ ಎಂದು ಮಗಳು ಎರಡು ಮೂರು ರಾತ್ರಿ ಕೂತು ಓದಿದಳು. ಒಂದು ಸಂಜೆ ಚಹಾ ಕುಡಿಯುತ್ತ ಅವ್ವನಿಗೂ ಹೇಳಿದಳು.

ಬಿದಿರನ್ನು ಚೂರು ಮಾಡಿ, ರಾಸಾಯನಿಕಗಳಲ್ಲಿ ಬೇಯಿಸಿ, ತಿರುಳನ್ನು ಬಿಳಿ ಹಾಳೆ ಮಾಡುತ್ತಾರೆ. ಆ ಹಾಳೆಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ, ಮತ್ತೆ ಕಾಸ್ಟಿಕ್‌ನಲ್ಲಿ ಕರಗಿಸಿದರೆ ಜೇನುತುಪ್ಪದಂಥ ಮಂದ ದ್ರವವಾಗುತ್ತದೆ. ಅದನ್ನು ಸಣ್ಣ ತೂತುಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಒತ್ತಿದರೆ, ಶಾವಿಗೆ ಒತ್ತಿದ ಹಾಗೆ, ಎಳೆಗಳು ಬರುತ್ತವೆ. 1892ರಲ್ಲಿ ಇಂಗ್ಲೆಂಡಿನ ಮೂವರು ಪೇಟೆಂಟ್ ಪಡೆದ ವಿಧಾನ ಇದು. ಹೀಗೆ ಬಂದ ಎಳೆಯೇ ವಿಸ್ಕೋಸ್, ನಮ್ಮ ಹಳೆಯ ಮಾತಿನಲ್ಲಿ ರೇಯಾನ್. ಬಿದಿರು ಹಾಕಿದರೂ ನೀಲಗಿರಿ ಹಾಕಿದರೂ ಕೊನೆಗೆ ಉಳಿಯುವುದು ಸೆಲ್ಯುಲೋಸ್ ಮಾತ್ರ. ಬಿದಿರಿಗೆ ಇದೆ ಎನ್ನುವ ಬ್ಯಾಕ್ಟೀರಿಯಾ ತಡೆಯುವ ಗುಣ ಈ ತೊಟ್ಟಿಗಳನ್ನೆಲ್ಲ ದಾಟಿ ಬಟ್ಟೆಗೆ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ರೇಯಾನನ್ನು ಬಿದಿರು ಎಂದು ಮಾರಿದ ಕಂಪನಿಗಳ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಕ್ರಮ ಕೈಗೊಂಡಿತ್ತು. 2022ರಲ್ಲಿ ಇದೇ ಕಾರಣಕ್ಕೆ ಅಲ್ಲಿನ ಎರಡು ದೊಡ್ಡ ಮಾರಾಟ ಸಂಸ್ಥೆಗಳು ಒಟ್ಟು 55 ಲಕ್ಷ ಡಾಲರ್ ದಂಡ ಕಟ್ಟಬೇಕಾಯಿತು.

ಅವ್ವ ಇದನ್ನೆಲ್ಲ ಕೇಳಿಸಿಕೊಂಡು ಕಪ್ಪು ಕೆಳಗಿಟ್ಟಳು.

"ಇದಕ್ಕ ಕೊಳತ ತತ್ತಿ ವಾಸನಿ ಬರತೈತೇನು, ಮಾಡುವಾಗ?"

ಬರುತ್ತದೆ ಎಂದು ಮಗಳು ಓದಿದ್ದಳು. ಎಳೆ ತೆಗೆಯುವಾಗ ಹೊಮ್ಮುವ ಗಂಧಕದ ಅನಿಲಗಳ ವಾಸನೆ ಅದು.

"ಹಂಗಾರ ಇದು ನಮ್ಮ ಹರಿಹರದ ಫ್ಯಾಕ್ಟರಿ ಮಾಲು. ನಿಮ್ಮ ಮಾಮಾ ಮಾಡತಿದ್ದನಲ್ಲ, ಅದ."

ಅವ್ವನ ತವರು ತುಂಗಭದ್ರೆಯ ದಂಡೆಯ ಹಳ್ಳಿ, ಕುಮಾರಪಟ್ಟಣದ ಕಾರ್ಖಾನೆಯ ಕೆಳದಿಕ್ಕಿಗೆ. ಹೊಳೆಯ ಆಚೆ ದಂಡೆಗೆ ಹರಿಹರ ಇರುವುದರಿಂದ ಸುತ್ತಲಿನವರ ಬಾಯಲ್ಲಿ ಅದು ಹರಿಹರದ ಫ್ಯಾಕ್ಟರಿ. 1970ರ ದಶಕದಲ್ಲಿ ಶುರುವಾದ ಅಲ್ಲಿಗೆ ನೀಲಗಿರಿ ತುಂಬಿದ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ತಿರುಳು, ಎಳೆ ಎರಡೂ ಅಲ್ಲೇ ತಯಾರಾಗುತ್ತಿದ್ದವು. ಅಲ್ಲಿಂದ ಬಂದ ನೀರು ಹೊಳೆ ಸೇರಿ ಮೀನು ಸತ್ತವೆಂದು, ಮಿಂದವರ ಮೈ ಕೆಟ್ಟಿತೆಂದು 1980ರ ದಶಕದಲ್ಲಿ ದಂಡೆಯ ಊರುಗಳವರು ದೂರಿದರು, ಹೋರಾಡಿದರು. ಗಾಳಿ ತಿರುಗಿದ ದಿನ ತವರಿನ ಅಂಗಳದಲ್ಲಿ ಊಟಕ್ಕೆ ಕೂರಲಾಗುತ್ತಿರಲಿಲ್ಲ ಎಂದಳು ಅವ್ವ.

ಆ ಕಾರ್ಖಾನೆಗೆ ನೀಲಗಿರಿ ಬೆಳೆಯಲು ಸರ್ಕಾರ ಪಾಲುದಾರನಾಗಿ ಒಂದು ಕಂಪನಿ ಕಟ್ಟಿ ಊರೂರಿನ ದನ ಮೇಯುವ ನೆಲವನ್ನು ಅದಕ್ಕೆ ಕೊಟ್ಟಿತ್ತು. 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತು ನಡೆಸಿದ ಆ ಸತ್ಯಾಗ್ರಹದ ಹೆಸರೇ 'ಕಿತ್ತಿಕೊ ಹಚ್ಚಿಕೊ'. ನಗರಗಳಲ್ಲಿ ಪರಿಸರಸ್ನೇಹಿ ಅನ್ನುವ ಪದ ಅಂಗಡಿಗೆ ಬರುವ ಎಷ್ಟೋ ಮೊದಲಿನ ಮಾತು ಇದು.

ಮಗಳಿಗೆ ಸಿಟ್ಟು ಬಂತು. ಟಾವೆಲ್ ಮಾರಿದವರ ಮೇಲೆ, ಕಾರ್ಖಾನೆಯ ಮೇಲೆ, ಪಟ್ಟಿ ಓದದೆ ದುಡ್ಡು ಕೊಟ್ಟ ತನ್ನ ಮೇಲೆ. ಮೂರನ್ನೂ ವಾಪಸ್ ಕಳಿಸುತ್ತೇನೆ ಅಂದಳು.

"ಬಾಳ ಬೈಬ್ಯಾಡವಾ" ಅಂದಳು ಅವ್ವ. "ನೀ ಧಾರವಾಡದಾಗ ಕಲತೀಯಲ್ಲ, ಆ ಫೀ ಎಲ್ಲಾ ನಿಮ್ಮ ಮಾಮಾನ ಪಗಾರದಾಗ ಬಂದಿದ್ದು."

ಮಗಳಿಗೆ ಅದು ಗೊತ್ತಿರದ ವಿಷಯವಲ್ಲ. ಆದರೆ ಆ ಪಗಾರವನ್ನೂ ಹೊಳೆಯನ್ನೂ ಅವಳು ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಮಾವ ಇಪ್ಪತ್ತೈದು ವರ್ಷ ಅಲ್ಲಿ ಪಾಳಿ ಮಾಡಿದ್ದ. ಕಾರ್ಬನ್ ಡೈಸಲ್ಫೈಡ್ ವರ್ಷಗಟ್ಟಲೆ ಉಸಿರಿನೊಳಗೆ ಹೋದರೆ ನರಕ್ಕೂ ಹೃದಯಕ್ಕೂ ಕುತ್ತು ಎಂದು ಓದುವಾಗ ಅವಳಿಗೆ ಮಾವನ ಮುಖ ನೆನಪಾಗಿರಲಿಲ್ಲ. ಈಗ ಆಯಿತು. ಅವನು ಹೋಗಿ ಒಂಬತ್ತು ವರ್ಷ. ಯಾವುದರಿಂದ ಹೋದ ಎಂದು ಈಗ ಹೇಳುವವರು ಯಾರೂ ಇಲ್ಲ.

ಹಾಗಾದರೆ ಯಾವ ಟಾವೆಲ್ ಒಳ್ಳೆಯದು? ಹತ್ತಿ ಅನ್ನೋಣವೆಂದರೆ, ರಾಣೆಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ಹತ್ತಿಗೆ ಔಷಧ ಹೊಡೆಯುವವರನ್ನೂ ಅವ್ವ ನೋಡಿದ್ದಾಳೆ. ಬಿದಿರು ಗಿಡವಾಗಿ ಒಳ್ಳೆಯದೇ. ಅದು ಹುಲ್ಲಿನ ಜಾತಿ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಔಷಧ ಕೇಳುವುದಿಲ್ಲ. ತೊಂದರೆ ಇರುವುದು ಗಿಡಕ್ಕೂ ಬಟ್ಟೆಗೂ ನಡುವಿನ ತೊಟ್ಟಿಗಳಲ್ಲಿ. ಅಲ್ಲಿ ಬಳಸಿದ್ದನ್ನು ಹಿಡಿದು ಮತ್ತೆ ಬಳಸುವ ಕಾರ್ಖಾನೆಯ ಮಾಲಿಗೂ, ಗಾಳಿಗೆ ನೀರಿಗೆ ಬಿಡುವ ಕಾರ್ಖಾನೆಯ ಮಾಲಿಗೂ ಒಂದೇ ಹಸಿರು ಎಲೆಯ ಚಿತ್ರ. ಪಟ್ಟಿಯಲ್ಲಿ ಲಯೋಸೆಲ್ ಎಂದಿದ್ದರೆ ಅದು ಬೇರೆ ವಿಧಾನ. ಅದರಲ್ಲಿ ಕಾರ್ಬನ್ ಡೈಸಲ್ಫೈಡ್ ಇಲ್ಲ, ಕರಗಿಸುವ ದ್ರವವನ್ನು ಹೆಚ್ಚುಕಡಿಮೆ ಪೂರ್ತಿ ಮರಳಿ ಹಿಡಿಯುತ್ತಾರೆ. ಓಕೋಟೆಕ್ಸ್ ಸ್ಟ್ಯಾಂಡರ್ಡ್ 100 ಮುದ್ರೆ ಇದ್ದರೆ ಕೈಗೆ ಬಂದ ಬಟ್ಟೆಯಲ್ಲಿ ವಿಷದ ಅಂಶ ಮಿತಿ ಮೀರಿಲ್ಲ ಎಂದು ನಂಬಬಹುದು. ಅದನ್ನು ಮಾಡಿದ ಊರಿನ ಹೊಳೆ ಹೇಗಿದೆ ಎಂದು ಆ ಮುದ್ರೆ ಹೇಳುವುದಿಲ್ಲ.

ಇನ್ನೊಂದು ವಿಷಯ ತೊಳೆಯುವವರಿಗೆ. ವಿಸ್ಕೋಸ್ ಎಳೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತದೆ. ಟಾವೆಲ್ಲಿನ ಬಾಳೆಲ್ಲ ಒದ್ದೆಯಲ್ಲೇ. ಮೆತ್ತನೆಯದನ್ನು ತಣ್ಣೀರಲ್ಲಿ, ಮಷೀನಿನ ಹಗುರ ಸುತ್ತಿನಲ್ಲಿ ಒಗೆಯಬೇಕು. ಇಲ್ಲವಾದರೆ ಬೇಗ ಹರಿದು ಇನ್ನೊಂದು ಕೊಳ್ಳಬೇಕು, ಮತ್ತೆ ಅದೇ ತೊಟ್ಟಿ.

ಕೊನೆಗೆ ಬಿಚ್ಚದೆ ಉಳಿದಿದ್ದ ಒಂದು ವಾಪಸ್ ಹೋಯಿತು. ಎರಡು ಅವ್ವನಿಗೆ ಉಳಿದವು. ಅವಳ ಚರ್ಮಕ್ಕೆ ಅವು ಬೇಕಾಗಿದ್ದವು, ಅದರಲ್ಲಿ ಸುಳ್ಳಿಲ್ಲ. ಸೊಲ್ಲಾಪುರದವನ್ನು ಮಗಳು ಒಂದು ರಾತ್ರಿ ವಿನೆಗರ್ ಹಾಕಿದ ನೀರಲ್ಲಿ ನೆನೆಸಿಟ್ಟಳು, ಸೋಪಿನ ಪುಡಿ ಅರ್ಧಕ್ಕೆ ಇಳಿಸಿದಳು, ಒಣಗಿದ ಮೇಲೆ ಜಾಡಿಸಿ ಮಡಚಿದಳು. ಸ್ವಲ್ಪ ಮಟ್ಟಿಗೆ ಜೀವ ಬಂತು. ಮನೆಯ ಉಳಿದವರಿಗೆ ಅವೇ ಸಾಕಾದವು.

ಒರೆಸುವುದನ್ನು ಕಲಿಸಿದವಳು ಅವ್ವ. "ತಿಕ್ಕಬ್ಯಾಡ, ಹಿಂಗ ಒತ್ತು. ಬಾಣಂತಿ ಕೂಸಿಗೆ ಒತ್ತತಾರಲ್ಲ, ಹಂಗ." ಅದಾದ ಮೇಲೆ ಕಾಲಿನಲ್ಲಿ ರಕ್ತ ಬಂದಿಲ್ಲ. ಅದು ಟಾವೆಲ್ಲಿನಿಂದಲೋ ಕೈಯಿಂದಲೋ ಎಂದು ಮಗಳು ಬಿಡಿಸಿ ನೋಡಲು ಹೋಗಿಲ್ಲ.

ಒಂದು ದಿನ ಬಚ್ಚಲಿನಿಂದ ಅವಳು ಗಂಡನಿಗೆ, ಆ ಬಿದಿರಿನ ಟಾವೆಲ್ ಕೊಡಿ ಅಂದಳು. ಒಳಗೆ ಸ್ಟೂಲಿನ ಮೇಲೆ ಕೂತಿದ್ದ ಅವ್ವ ತಿದ್ದಿದಳು.

"ಮೆತ್ತಗ ಐತಿ, ಚೊಲೋ ಐತಿ. ಬಿದಿರು ಮಾತ್ರ ಅನಬ್ಯಾಡ."

ಈಗ ಆ ಮನೆಯಲ್ಲಿ ಅದರ ಹೆಸರು ಹರಿಹರದ ಟಾವೆಲ್. ಪುಣೆಯಲ್ಲೇ ಹುಟ್ಟಿ ಬೆಳೆದ ಮೊಮ್ಮಗನೂ ಹಾಗೇ ಕರೆಯುತ್ತಾನೆ. ಹರಿಹರ ಅನ್ನುವುದು ಬಟ್ಟೆಯ ಒಂದು ಜಾತಿ ಎಂದು ತಿಳಿದಿದ್ದ ಅವನಿಗೆ, ಬರುವ ರಜೆಯಲ್ಲಿ ಹೊಳೆ ತೋರಿಸುತ್ತೇನೆ ಎಂದು ಅವ್ವ ಹೇಳಿದ್ದಾಳೆ.