ಮನೆ ಹೊತ್ತ ಲಾರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಮನೆ ಬದಲಿಸಿ ನೋಡು’ ಎಂಬ ಮೂರನೆಯ ಮಾತನ್ನು ಸೇರಿಸಲಿಲ್ಲ. ಅವರಿಗೆ ವರ್ಗಾವಣೆಯ ಆಜ್ಞೆ ಬರುತ್ತಿರಲಿಲ್ಲವೆಂದು ತೋರುತ್ತದೆ. ತಿಪಟೂರಿನ ಪ್ರೌಢಶಾಲೆಯ ಅಧ್ಯಾಪಕರೊಬ್ಬರಿಗೆ 1978ರ ಮೇ ತಿಂಗಳಲ್ಲಿ ಅಂಥ ಆಜ್ಞೆ ಬಂದಿತು. ಹೋಗಬೇಕಾದ ಊರು ಸಾಗರ. ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗಗಳನ್ನು ಹಾದು ಸುಮಾರು 200 ಕಿಲೋಮೀಟರಿನ ದಾರಿ. ಆಷಾಢ ಹುಟ್ಟುವ ಮೊದಲೇ ಹೊಸ ಮನೆಯಲ್ಲಿ ಹಾಲುಕ್ಕಿಸಬೇಕೆಂದು ಅವರ ತಾಯಿ ಪಟ್ಟು ಹಿಡಿದಿದ್ದರು.

ಲಾರಿ ಗೊತ್ತುಮಾಡುವುದು ಪಾಠ ಹೇಳಿದಷ್ಟು ಸುಲಭವಲ್ಲ. ಸಾಮಾನು ಇಳಿಸಿದ ಲಾರಿ ಬರಿದೇ ಹಿಂದಿರುಗಬೇಕಾದರೆ ಮಾಲೀಕನು ಹೋಗಿಬರುವ ಎರಡು ದಾರಿಯ ಬಾಡಿಗೆಯನ್ನೂ ಕೇಳುತ್ತಾನೆ. ಬರುವಾಗ ತುಂಬಿ ತರಲು ಸರಕಿದ್ದರೆ ಬಾಡಿಗೆ ಇಳಿಯುತ್ತದೆ. ತಿಪಟೂರು ಕೊಬ್ಬರಿಯ ಪೇಟೆ, ಸಾಗರದ ಸೀಮೆ ಅಡಕೆಯದು. ಅಧ್ಯಾಪಕರು ಮೂರು ದಿನ ಪೇಟೆಬೀದಿಯಲ್ಲಿ ಅಲೆದು, ಅಡಕೆ ತರಲು ಹೊರಟಿದ್ದ ಲಾರಿಯೊಂದನ್ನು ಹಿಡಿದರು. ಆದರೆ ಕರಾರು ಕಠಿಣವಾಗಿತ್ತು: ಹೇರುವುದೂ ಇಳಿಸುವುದೂ ಮನೆಯವರ ಹೊಣೆ, ರಾತ್ರಿ ಎಂಟರೊಳಗೆ ಲಾರಿ ಖಾಲಿಯಾಗಬೇಕು.

ಮುಂಜಾನೆ ಲಾರಿ ಬಂದು ನಿಂತಾಗ ಕರೆಯದೆಯೇ ಬೀದಿಯವರೆಲ್ಲ ಸೇರಿದರು. ಪಾತ್ರೆಗಳು ಹಳೆಯ ಸೀರೆಗಳಲ್ಲಿ ಸುತ್ತಿಕೊಂಡು ಗೋಣಿಚೀಲ ಸೇರಿದವು. ಲೋಟಗಳು ಕೊಳಗದೊಳಗೆ, ಕನ್ನಡಿ ಎರಡು ಹಾಸಿಗೆಗಳ ನಡುವೆ. ಗೋಡೆಗಳ ಒಳಗೆ ಗಂಭೀರವಾಗಿ ಕಾಣುತ್ತಿದ್ದ ಸಂಸಾರವು ಬೀದಿಯಲ್ಲಿ ಹರಡಿಕೊಂಡಾಗ ಎಷ್ಟು ಬಡವಾಗಿ ಕಾಣುತ್ತದೆ! ಮೂರು ಕಾಲಿನ ಕುರ್ಚಿಯನ್ನು ಯಾರೋ ಎತ್ತಿಕೊಂಡಾಗ ಅಧ್ಯಾಪಕರು ಬೇರೆ ಕಡೆ ನೋಡಿದರು.

ಅರ್ಧ ಲಾರಿ ತುಂಬಿದ ಮೇಲೆ ಒರಳುಕಲ್ಲಿನ ಪ್ರಶ್ನೆ ಎದ್ದಿತು.

“ಅಮ್ಮಾ, ಅದನ್ನು ಇಲ್ಲೇ ಯಾರಿಗಾದರೂ ಕೊಟ್ಟುಬಿಡೋಣ. ಸಾಗರದಲ್ಲಿ ಕಲ್ಲಿಗೆ ಬರವೇ?” ಎಂದರು ಅಧ್ಯಾಪಕರು.

“ಕಲ್ಲಿಗೆ ಬರವಿಲ್ಲ ಕಣಪ್ಪ. ನಿಮ್ಮಪ್ಪ ಗಾಡಿ ಕಟ್ಟಿಕೊಂಡು ಹೋಗಿ ತಂದ ಕಲ್ಲಿಗೆ ಬರ” ಎಂದು ಮುದುಕಿ ಮತ್ತೆ ಮಾತಾಡಲಿಲ್ಲ.

ಅಧ್ಯಾಪಕರು ಸೋತರು. ಕಲ್ಲನ್ನು ಲಾರಿಯ ಹಿಂಬದಿಗೆ ಇಡಹೊರಟಾಗ ಚಾಲಕ ತಡೆದನು. ಭಾರವೆಲ್ಲ ಮುಂದೆ, ಚಾಲಕನ ಬೆನ್ನಿಗೆ ಒತ್ತಿಕೊಂಡು ಇರಬೇಕು. ಹಿಂದೆ ಬಿದ್ದರೆ ಹಳ್ಳದಿಣ್ಣೆಯಲ್ಲಿ ಎಗರಿ ಉಳಿದುದನ್ನೆಲ್ಲ ಪುಡಿಮಾಡುತ್ತದೆ. ಅವನ ಮಾತು ನ್ಯಾಯವಾಗಿತ್ತು. ಬೀದಿಯವರು ನಗುತ್ತಲೇ ಹೇರಿದುದನ್ನೆಲ್ಲ ಇಳಿಸಿ, ನಾಲ್ವರು ಸೇರಿ ಕಲ್ಲನ್ನು ಮುಂದಕ್ಕೆ ಉರುಳಿಸಿ, ಮತ್ತೆ ಹೇರಿದರು. ಎರಡು ಗಂಟೆ ಕಳೆಯಿತು, ಒಬ್ಬರೂ ಗೊಣಗಲಿಲ್ಲ. ಹನ್ನೊಂದು ವರ್ಷ ಒಂದೇ ಬಾವಿಯ ನೀರು ಸೇದಿದವರು ಅವರು.

ಮನೆಯವರು ಬಸ್ಸಿನಲ್ಲಿ ಮುಂದೆ ಹೋದರು. ಅಧ್ಯಾಪಕರು ಚಾಲಕನ ಪಕ್ಕದಲ್ಲಿ ಕುಳಿತರು. ಆಕ್ಟ್ರಾಯ್ ರದ್ದಾದದ್ದು 1979ರಲ್ಲಿ. ಆಗಿನ್ನೂ ಊರ ಬಾಗಿಲ ಸುಂಕದಕಟ್ಟೆಗಳಲ್ಲಿ ಲಾರಿ ನಿಂತು ನಿಂತು ಸಾಗಬೇಕಿತ್ತು. ಆನಂದಪುರದ ಬಳಿ ಮಳೆ ಹಿಡಿಯಿತು. ಸಾಗರ ಮುಟ್ಟಿದಾಗ ಏಳು ಗಂಟೆ, ಕತ್ತಲೆ.

ಅಲ್ಲಿ ಕಾದಿದ್ದವರು ಇಬ್ಬರು ಹೆಂಗಸರು, ಒಬ್ಬ ಹುಡುಗ. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ತಿಪಟೂರಿನಲ್ಲಿ ಇಪ್ಪತ್ತು ಕೈಗಳು ಏರಿಸಿದ ಸಾಮಾನನ್ನು ಆರೇಳು ಕೈಗಳು ಇಳಿಸಬೇಕಾಯಿತು. ಕೊನೆಗೇರಿದ ಸ್ಟೌ, ಲಾಟೀನು, ಕೊಡ ಮೊದಲಿಳಿದವು. ಅದು ಸರಿಯಾಗಿಯೇ ಇತ್ತು. ಮೊದಲೇರಿದ ಕಲ್ಲು ಕೊನೆಗೆ ಉಳಿಯಿತು. ಎಂಟು ಹೊಡೆದು ಬಹಳ ಹೊತ್ತಾಗಿತ್ತು. ಅಧ್ಯಾಪಕರು ಗಡಿಯಾರವನ್ನೂ ಚಾಲಕನ ಮುಖವನ್ನೂ ನೋಡಿದರು. ಅವನು ಬೀಡಿಯನ್ನು ಎಸೆದು, ಕ್ಲೀನರನ್ನು ಕೂಗಿ, ಲಾರಿಯ ಹಲಗೆಯೊಂದನ್ನು ಓರೆಯಾಗಿ ಇಳಿಬಿಟ್ಟು, “ಹಿಡೀರಿ ಮೇಷ್ಟ್ರೇ” ಎಂದನು. ಕಲ್ಲು ಹಲಗೆಯ ಮೇಲೆ ಜಾರಿ ಸೂರಿನ ಕೆಳಗೆ ಬಂದು ನಿಂತಿತು. ಹೊಸ್ತಿಲು ದಾಟಿಸುವ ಶಕ್ತಿ ಯಾರಲ್ಲಿಯೂ ಉಳಿದಿರಲಿಲ್ಲ. ಬಾಡಿಗೆಯ ಮೇಲೆ ಕೊಡಹೋದ ಹಣವನ್ನು ಚಾಲಕ ಕ್ಲೀನರನಿಗೆ ಕೊಡಿಸಿದನು.

ಬೆಳಗ್ಗೆ ಪಕ್ಕದ ಮನೆಯಾಕೆ ಬಾಗಿಲು ತೆರೆದಾಗ, ಹೆಂಚಿನಿಂದ ಸುರಿಯುವ ನೀರಿನಲ್ಲಿ ಮುದುಕಿಯೊಬ್ಬಳು ಒರಳುಕಲ್ಲು ತೊಳೆಯುತ್ತಿದ್ದಳು. ಆಕೆ ಸ್ವಲ್ಪ ಹೊತ್ತು ನೋಡಿ ಒಳಗೆ ಕೂಗಿದಳು: “ಇಲ್ಲಿ ಬನ್ನಿ, ಇವರದೊಂದು ಕಲ್ಲು ಒಳಗೆ ಇಡಬೇಕಂತೆ.”