ಗೋಡೆ ಮುಚ್ಚುವ ಮುನ್ನ

"ಸಾರ್, ಮಂಚ ಯಾವ ಗೋಡೆಗೆ ಬರುತ್ತೆ?"

ಸೆಂಟ್ರಿಂಗ್ ಕಂಬಗಳ ನಡುವೆ ಬಗ್ಗಿ ನಿಂತು ಎಲೆಕ್ಟ್ರಿಷಿಯನ್ ಕೇಳಿದ. ಶಿವಮೊಗ್ಗದ ನಮ್ಮ ಮನೆಯ ಮೇಲಂತಸ್ತಿನಲ್ಲಿ ಆಗ ಇದ್ದದ್ದು ಗಾರೆ ಕಾಣದ ಇಟ್ಟಿಗೆ ಗೋಡೆ, ತಲೆಯ ಮೇಲೆ ಹಲಗೆ, ಅದರ ಮೇಲೆ ಕಂಬಿಯ ಜಾಲ. ಕಿಟಕಿಗೆ ಚೌಕಟ್ಟೂ ಕೂತಿರಲಿಲ್ಲ. ಅಂಥಲ್ಲಿ ಮಲಗುವ ದಿಕ್ಕು, ಮಗಳು ಓದಲು ಕೂರುವ ಮೂಲೆ, ಇಸ್ತ್ರಿ ಪೆಟ್ಟಿಗೆಯ ಜಾಗ ಎಲ್ಲವನ್ನೂ ಅವನಿಗೆ ಹೇಳಬೇಕಿತ್ತು. ಮನೆಯೊಳಗೆ ನಡೆಯಲಿರುವ ಬದುಕನ್ನು ಮೊದಲು ವಿಚಾರಿಸಿದವನು ಅವನೇ.

ಮರುದಿನ ಮೋಲ್ಡು. ಸಂಜೆಯವರೆಗೂ ಅವನು ಕಂಬಿಗಳ ನಡುವೆ ಪಿವಿಸಿ ಪೈಪು ಹಾಸಿ, ಬೈಂಡಿಂಗ್ ವೈರಿನಿಂದ ಬಿಗಿದ. ಕಾಂಕ್ರೀಟು ನುಗ್ಗದಂತೆ ಫ್ಯಾನ್ ಬಾಕ್ಸುಗಳ ಬಾಯಿಗೆ ಕಾಗದ ತುರುಕಿದ. ಒಂದು ಕಡೆ ಪೈಪು ತೀರಾ ಮುರಿದಂತೆ ಬಾಗಿತ್ತು. ಯಾರೂ ಹೇಳದೆಯೇ ಅದನ್ನು ಬಿಚ್ಚಿ, ಅಗಲವಾದ ಬೆಂಡ್ ಹಾಕಿ ಮತ್ತೆ ಕಟ್ಟಿದ. "ಇವತ್ತು ಬಿಟ್ರೆ ನಾಳೆ ವೈರು ಎಳೆಯೋಕಾಗಲ್ಲ ಸಾರ್, ಆಮೇಲೆ ಸೀಲಿಂಗ್ ಒಡೀಬೇಕಾಗುತ್ತೆ" ಎಂದ. ಒಮ್ಮೆ ಕಾಂಕ್ರೀಟು ಬಿತ್ತೆಂದರೆ ಆ ಪೈಪನ್ನು ಈ ಜನ್ಮದಲ್ಲಿ ಯಾರೂ ನೋಡುವುದಿಲ್ಲ. ಕಾಣದ ಕೆಲಸಕ್ಕೆ ಅವನು ತೋರಿದ ಆ ಶ್ರದ್ಧೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಅಮ್ಮ ಮೆಟ್ಟಿಲು ಹತ್ತಿ ಬಂದು ಎಲ್ಲವನ್ನೂ ನೋಡಿದಳು. ಅವಳು ಹುಟ್ಟಿದ ಊರು ಈಗ ಶರಾವತಿಯ ನೀರಿನಡಿ ಇದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರ ಹೊತ್ತಿಗೆ ಅವಳಿಗೆ ಎಂಟು ವರ್ಷ. ಪಾತ್ರೆ, ಹೆಂಚು, ಕರುಗಳ ಜೊತೆ ಲಾರಿಯಲ್ಲಿ ಕೂತು ಹೊಸ ಜಾಗಕ್ಕೆ ಬಂದದ್ದು ಅವಳಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ನೀರಿನಿಂದ ಹುಟ್ಟಿದ ಕರೆಂಟು ದೊಡ್ಡ ಕಂಬಗಳ ಮೇಲೆ ಹಾದು ದೂರದ ಊರುಗಳಿಗೆ ಹೋಯಿತು. ಊರು ಬಿಟ್ಟು ಬಂದ ಅಮ್ಮನಂಥ ಮಕ್ಕಳು ಚಿಮಣಿ ಬುಡ್ಡಿಯ ಮುಂದೆ ಕೂತು ಮಗ್ಗಿ ಕಲಿತರು. ಅವಳ ತವರಿಗೆ ದೀಪ ಬಂದದ್ದು ಅವಳ ಮದುವೆಯ ನಂತರ.

ಅಮ್ಮ ಕೇಳಿದ್ದು ಒಂದೇ ಮಾತು: "ಏನಪ್ಪಾ, ಮೆಟ್ಟಿಲ ದೀಪದ ಸ್ವಿಚ್ಚು ಕೆಳಗೆ ಮಾತ್ರ ಇಟ್ಟರೆ, ಮೇಲೆ ಹತ್ತಿದವರು ಕತ್ತಲಲ್ಲೇ ಇಳಿಯಬೇಕಾ?"

ನನ್ನ ನಕಾಶೆಯಲ್ಲಿ ಅದು ಇರಲೇ ಇಲ್ಲ. "ಟೂ ವೇ ಹಾಕೋಣ ಅಮ್ಮಾ" ಎಂದ ಅವನು, ಮೇಲೊಂದು ಕೆಳಗೊಂದು ಬಾಕ್ಸಿಗೆ ಗುರುತು ಹಾಕಿದ. ಎರಡು ಸ್ವಿಚ್ಚುಗಳ ನಡುವೆ ಎರಡು ವೈರು ಓಡಬೇಕು, ಅದಕ್ಕೊಂದು ಪೈಪು ಹೆಚ್ಚಿಗೆ ಬೇಕು, ಅಷ್ಟೆ. ಆದರೆ ಅದನ್ನು ಗೋಡೆ ಮುಚ್ಚುವ ಮುನ್ನವೇ ನೆನೆಯಬೇಕು.

ಗಾರೆ ಮುಗಿದ ಮೇಲೆ ವೈರು ಎಳೆಯುವ ಕೆಲಸ ಶುರುವಾಯಿತು. ಪೈಪಿಗೆ ಸ್ಪ್ರಿಂಗ್ ತೂರಿಸಿ, ತುದಿಗೆ ವೈರು ಕಟ್ಟಿ, ಒಬ್ಬ ಎಳೆಯುತ್ತಾನೆ. ಇನ್ನೊಬ್ಬ ಆ ಕಡೆಯಿಂದ ಸಿಕ್ಕಾಗದಂತೆ ಬಿಡುತ್ತಾನೆ. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರಿನದು, ಪ್ಲಗ್ಗಿಗೆ 2.5, ಗೀಸರಿಗೆ 4. ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗು. ಹಸಿರಿನ ಮೇಲೆ ನನಗೆ ವಿಶೇಷ ಪ್ರೀತಿ ಹುಟ್ಟಿತು. ಅದು ಯಾವ ದೀಪವನ್ನೂ ಹೊತ್ತಿಸುವುದಿಲ್ಲ, ಯಾವ ಫ್ಯಾನನ್ನೂ ತಿರುಗಿಸುವುದಿಲ್ಲ. ಗೀಸರಿನ ಮೈಗೆ ಕರೆಂಟು ತಾಗಿದ ಗಳಿಗೆಯಲ್ಲಿ ಅದನ್ನು ನೆಲಕ್ಕಿಳಿಸಲೆಂದೇ ವರ್ಷಗಟ್ಟಲೆ ಸುಮ್ಮನೆ ಕಾದಿರುತ್ತದೆ. ಖರ್ಚು ಉಳಿಸಲು ಇದನ್ನು ಬಿಡಬಹುದೆಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಗಾರೆಗೆ ಮುಂಚೆಯೇ ಪ್ರತಿ ಗೋಡೆಯ ಫೋಟೋ ತೆಗೆದು, ಮೂಲೆಯಿಂದ ಪೈಪಿಗೆ ಎಷ್ಟು ಅಡಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಪೈಪುಗಳು ಸೀಲಿಂಗಿನಿಂದ ಸ್ವಿಚ್ ಬೋರ್ಡಿಗೆ ನೆಟ್ಟಗೆ ಇಳಿದಿವೆ. ಬೋರ್ಡಿನ ನೇರಕ್ಕೆ ಮೇಲೆ ಮೊಳೆ ಹೊಡೆಯಬೇಡ ಎಂದು ಮಗಳಿಗೆ ಹೇಳಿದ್ದೇನೆ. ನಾಳೆ ಈ ಗೋಡೆ ಬಿಚ್ಚುವವರು ಯಾರೋ, ಅವರ ಕೈಗೆ ಆ ಪುಸ್ತಕ ಸಿಗಲಿ.

ಒಕ್ಕಲಾದ ರಾತ್ರಿ ಅಮ್ಮ ಕೆಳಗೆ ಸ್ವಿಚ್ಚು ಹಾಕಿ, ಗೋಡೆ ಹಿಡಿದು ನಿಧಾನವಾಗಿ ಮೇಲೆ ಬಂದಳು. ಮೇಲಿನ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಆದರೆ ಒತ್ತಲಿಲ್ಲ. ಮೆಟ್ಟಿಲ ಕಡೆ ಬಗ್ಗಿ ಕೂಗಿದಳು:

"ಕೆಳಗೆ ಯಾರಾದ್ರೂ ಇದೀರಾ? ದೀಪ ಆರಿಸ್ಲಾ?"

ಉತ್ತರ ಬರುವವರೆಗೂ ಕಾದಳು.