ಒಂದು ಅಕ್ಷರ, ಎರಡು ಹಳದಿ

ಸಾರು ಉಕ್ಕಿ ಬರ್ನರಿನ ಮೇಲೆ ಚೆಲ್ಲಿದರೆ ನೀಲಿ ಉರಿ ತಟ್ಟನೆ ಹಳದಿಯಾಗುವುದನ್ನು ನೀವೂ ನೋಡಿರುತ್ತೀರಿ. ಅದು ಉಪ್ಪಿನೊಳಗಿನ ಸೋಡಿಯಂ ಮಾಡುವ ಕೆಲಸ. ಆ ಹಳದಿ ಒಂದಲ್ಲ, ಎರಡು. ಒಂದರ ತರಂಗದೂರ 589.0 ನ್ಯಾನೊಮೀಟರ್, ಇನ್ನೊಂದರದು 589.6. ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ.

ಬಿಎಸ್ಸಿ ಓದುವ ಮಗಳ ನೋಟ್‌ಬುಕ್ಕಿನಲ್ಲಿ ಇದಕ್ಕೊಂದು ವಿಚಿತ್ರ ಬರವಣಿಗೆಯಿತ್ತು: ನಡುವೆ ದಪ್ಪನೆಯ ಪಿ, ಎಡಗಡೆ ಮೇಲೆ ಪುಟ್ಟ 2, ಬಲಗಡೆ ಕೆಳಗೆ 3/2. “ಉರು ಹೊಡೆದರೆ ಸಾಕು ಅಂದಿದ್ದಾರೆ. ನನಗೆ ಫಿಸಿಕ್ಸೇ ಬೇಡ” ಎಂದು ಮುಖ ಊದಿಸಿಕೊಂಡಳು. ನನಗೆ ಪಿಯುಸಿಯಲ್ಲಿ ವಿಜ್ಞಾನ ಬೇಕಿತ್ತು. ಲ್ಯಾಬು ಮುಗಿಯುವ ಹೊತ್ತಿಗೆ ಊರಿನ ಕಡೆಯ ಬಸ್ಸು ಹೊರಟುಹೋಗಿರುತ್ತದೆಂದು ಮನೆಯಲ್ಲಿ ಒಪ್ಪಲಿಲ್ಲ. ಇವಳು ಸಿಕ್ಕಿದ್ದನ್ನು ಬಿಡುತ್ತೇನೆನ್ನುತ್ತಾಳೆ!

ನಾನು ಕನ್ನಡ ಮೇಷ್ಟ್ರಮ್ಮ. ಒಂದು ಒತ್ತು ಜಾರಿದರೆ ಕತ್ತೆ ಕತೆಯಾಗುವ ಭಾಷೆ ನಮ್ಮದು. ಅಕ್ಷರದ ಮೇಲೆ, ಕೆಳಗೆ ಇರುವುದೆಲ್ಲ ಓದುವುದಕ್ಕೇ ಇರುವುದು. ಅವಳ ಪುಸ್ತಕವನ್ನೇ ಬಿಡಿಸಿಕೊಂಡು ಇಬ್ಬರೂ ಕೂತೆವು.

ನಡುವಿನ ಅಕ್ಷರ ಹೇಳುವುದು ಇಲೆಕ್ಟ್ರಾನಿನ ಕಕ್ಷೆಯ ಕೋನೀಯ ಸಂವೇಗವನ್ನು. ಎಸ್ ಎಂದರೆ 0, ಪಿ ಎಂದರೆ 1, ಡಿ ಎಂದರೆ 2. ಅಕ್ಷರಗಳೇಕೆ ಹೀಗೆ ಅಡ್ಡಾದಿಡ್ಡಿ? ಸಂವೇಗದ ಸುದ್ದಿ ತಿಳಿಯುವ ಮೊದಲೇ ರೋಹಿತ ನೋಡುತ್ತಿದ್ದವರು ಗೆರೆಗಳಿಗೆ ಶಾರ್ಪ್, ಪ್ರಿನ್ಸಿಪಲ್, ಡಿಫ್ಯೂಸ್ ಎಂದು ಹೆಸರಿಟ್ಟಿದ್ದರು. ಮಗುವಾಗಿದ್ದಾಗ ಕರೆದ ಅಡ್ಡಹೆಸರು ಮದುವೆಯಾದ ಮೇಲೂ ಉಳಿದ ಹಾಗೆ.

ಕಕ್ಷೆಯದು ಬಿಟ್ಟು ಇಲೆಕ್ಟ್ರಾನಿಗೆ ತನ್ನದೇ ಆದ ಸ್ಪಿನ್ ಉಂಟು, ಅರ್ಧ. 1925ರಲ್ಲಿ ಇದನ್ನು ಸೂಚಿಸಿದವರು ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿತ್ ಎಂಬ ಡಚ್ ತರುಣರು. ಬುಗುರಿಯಂತೆ ನಿಜವಾಗಿ ತಿರುಗುತ್ತದೆ ಎಂದುಕೊಳ್ಳಬಾರದಂತೆ, ಇರಲಿ. ಕಕ್ಷೆಯ 1ಕ್ಕೆ ಈ ಅರ್ಧ ಕೂಡಿದರೆ 3/2, ಎದುರಾದರೆ 1/2. ಕೆಳಗೆ ಬರೆಯುವುದು ಈ ಒಟ್ಟು ಮೊತ್ತವನ್ನು. ಎರಡಕ್ಕೂ ಶಕ್ತಿಯಲ್ಲಿ ಕೂದಲೆಳೆಯ ವ್ಯತ್ಯಾಸ. ತುಸು ಎತ್ತರದ 3/2ರ ಮೆಟ್ಟಿಲಿನಿಂದ ಇಲೆಕ್ಟ್ರಾನು ಎಸ್‌ಗೆ ಇಳಿದರೆ 589.0, 1/2ರಿಂದ ಇಳಿದರೆ 589.6. ಅದೇ ನಮ್ಮ ಒಲೆಯ ಜೋಡಿ ಹಳದಿ.

ಎಡಗಡೆಯ 2 ಎಂದರೆ ಸ್ಪಿನ್ನಿನ ಎರಡರಷ್ಟಕ್ಕೆ 1 ಸೇರಿಸಿದ್ದು. ಎಸ್‌ಗೂ ಅದೇ 2 ಬರೆಯುತ್ತಾರೆ, ಆದರೆ ಅಲ್ಲಿ ಮೆಟ್ಟಿಲು ಒಂದೇ. ಮಗಳು ಮುಗ್ಗರಿಸಿದ್ದು ಇಲ್ಲೇ. ಕಕ್ಷೆಯದು 0 ಆದಮೇಲೆ ಸ್ಪಿನ್ನು ಯಾರೊಡನೆ ಕೂಡಬೇಕು, ಯಾರಿಗೆ ಎದುರಾಗಬೇಕು?

ಮರುದಿನ ಎಡಕ್ಕೆ 2, ನಡುವೆ ಡಿ, ಕೆಳಗೆ 5/2 ಬರೆದು ಅವಳ ಮುಂದಿಟ್ಟೆ. ಬೆರಳಿಟ್ಟು ಓದಿದಳು: “ಕಕ್ಷೆಯದು 2, ಅರ್ಧ ಕೂಡಿದೆ.” ಸ್ವಲ್ಪ ಹೊತ್ತು ಬಿಟ್ಟು, “ಇದಕ್ಕೊಬ್ಬಳು ತಂಗಿ ಇರಬೇಕಲ್ಲಮ್ಮ, 3/2?” ಎಂದಳು.